ದುಭಾಷಿ ನುಂಗಿದ ಮಾತು

ಬೆಳಿಗ್ಗೆ ಎದ್ದವನೇ ಎವರಿಸ್ತೊ ಬೊತೆಲ್ಯೊ ಇವತ್ತು ಕಾಫಿ ಕುಡಿಯಬಾರದೆಂದು ತೀರ್ಮಾನಿಸಿದ. ತೀರ್ಮಾನಿಸಿದ ಮೇಲೆ, ಸಾಕ್ಷಿ ಹೇಳಲು ಕಟಕಟೆ ಹತ್ತುವ ದಿನ ಮನುಷ್ಯನಾದವನು ಯೋಚಿಸಬೇಕಾದದ್ದು ಸತ್ಯ ಹೇಳುವುದೋ ಬೇಡವೋ ಎಂಬುದನ್ನೇ ಹೊರತು ಕಾಫಿಯನ್ನಲ್ಲ ಎನ್ನಿಸಿ, ಖಾಲಿ ಅಡುಗೆಮನೆಯಲ್ಲಿ ಒಬ್ಬನೇ ನಾಚಿಕೊಂಡ. ನಲವತ್ತಮೂರು ವರ್ಷದ ಬ್ರಹ್ಮಚಾರಿ. ಎದುರಿಗೆ ಯಾರೂ ಇಲ್ಲದಾಗಲೂ ನಾಚುವುದು ಅಭ್ಯಾಸವಾಗಿಹೋಗಿತ್ತು. ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ ‘ಸ್ವಾಮಿ, ನಾನೊಂದು ಮಾತು ಹೇಳಬೇಕಾಗಿದೆ’ ಎಂದು ಇಂಗ್ಲಿಷಿನಲ್ಲಿ ಹೇಳಿನೋಡಿದ. ಪೋರ್ಚುಗೀಸಿನಲ್ಲಿ ಹೇಳಿನೋಡಿದ. ಹವಾಯಿ ಭಾಷೆಯಲ್ಲೂ ಹೇಳಿನೋಡಿದ. ಮೂರರಲ್ಲೂ ಸುಳ್ಳಿನ ಹಾಗೇ ಕೇಳಿಸಿತು. ಹೊನೊಲುಲುವಿನ ಸಿವಿಲ್, ಅಂದರೆ ಸೈನ್ಯದ್ದಲ್ಲದ, ಕೋರ್ಟಿನಲ್ಲಿ ಹನ್ನೊಂದು ವರ್ಷ ದುಭಾಷಿಯಾಗಿದ್ದವನು. ಕಂಡವರ ಕಳ್ಳತನ, ಹೊಡೆದಾಟ, ಗಂಡಹೆಂಡಿರ ಜಗಳವನ್ನೆಲ್ಲ ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗಿಸಿದ್ದ ನಾಲಿಗೆ ತನ್ನದೇ ಒಂದು ಸಣ್ಣ ಮಾತನ್ನು ಹೊರಲು ಒಲ್ಲೆನೆಂದು ಹಟ ಹಿಡಿದಿತ್ತು. ಅಷ್ಟರಲ್ಲಿ ಗದ್ದದ ಮೇಲೆ ಬ್ಲೇಡು ತಾಗಿ ರಕ್ತ ಬಂತು. ಕಾಗದದ ಚೂರು ಅಂಟಿಸಿಕೊಂಡ.

“ಎವರಿಸ್ತೊ! ಎದ್ದಿದ್ದೀಯೋ, ಇಲ್ಲ ಕೋರ್ಟೇ ನಿನ್ನ ಹಾಸಿಗೆ ಹತ್ರ ಬರ್ಲಿ ಅಂತ ಬಿದ್ಕೊಂಡಿದ್ದೀಯೋ?”

ಬೇಲಿಯಾಚೆ ಉಂಬೆಲೀನ. ಪಂಚ್‌ಬೌಲ್ ಇಳಿಜಾರಿನ ಪೋರ್ಚುಗೀಸರಿಗೆಲ್ಲ ಅವಳು ತೀಯಾ, ಅಂದರೆ ಚಿಕ್ಕಮ್ಮ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕಲ್ಲಿನ ಒಲೆಯ ಮುಂದೆ ನಿಂತಿದ್ದಳು. ಗಂಡ ಜಸಿಂತೊ ರೆಝೆಂಡಿಸ್ ಜೈಲಿಗೆ ಹೋದಾಗಿನಿಂದ ಬ್ರೆಡ್ಡು ಸುಡುವುದು, ಮಾರುವುದು, ಬೀದಿಯವರನ್ನು ಬೈಯುವುದು ಮೂರನ್ನೂ ಅವಳೊಬ್ಬಳೇ ನಡೆಸಿಕೊಂಡು ಬಂದಿದ್ದಳು.

“ಎದ್ದಿದ್ದೀನಿ ತೀಯಾ.”

“ಗದ್ದಕ್ಕೇನಾಯ್ತು? ಸಾಕ್ಷಿ ಹೇಳೋಕೆ ಮುಂಚೆನೇ ಗಾಯ ಮಾಡ್ಕೊಂಡ್ಯಲ್ಲ. ಬಾ, ಕಾಫಿ ಕಾಯ್ಸಿದ್ದೀನಿ.”

“ಬೇಡ ತೀಯಾ.”

“ನಾನು ಕೊಟ್ಟದ್ದು ಯಾವುದೂ ನಿನಗೆ ಗಂಟಲಲ್ಲಿ ಇಳಿಯಲ್ಲ ಈಚೀಚೆಗೆ. ನೋಡು ಹೇಗೆ ಸೊರಗಿದ್ದೀಯ. ಜೈಲಲ್ಲಿರೋದು ನೀನೋ ಅವನೋ ಅಂತ ಅನುಮಾನ ಬರತ್ತೆ.”

ಅವನು ನಕ್ಕ, ನಗಬೇಕಾದ್ದರಿಂದ. ಪ್ರತಿ ಶನಿವಾರ ಅವಳು ಬೇಲಿಯ ಮೇಲಿಂದ ಒಂದು ಬ್ರೆಡ್ಡು ಕೊಡುತ್ತಿದ್ದಳು, ಬಟ್ಟೆಯಲ್ಲಿ ಸುತ್ತಿ, ಬಿಸಿಬಿಸಿ. ಪ್ರತಿ ಭಾನುವಾರ ಅವನು ಅದರಲ್ಲಿ ಮುಕ್ಕಾಲು ಪಾಲನ್ನು ಹಿತ್ತಲ ಕೋಳಿಗಳಿಗೆ ಹಾಕುತ್ತಿದ್ದ. ಬಾಯಿಗೆ ಮೊದಲ ತುಂಡು ಹೋದೊಡನೆ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಪಂಚ್‌ಬೌಲಿನಲ್ಲೆಲ್ಲ ಅವನ ಕೋಳಿಗಳಷ್ಟು ಕೊಬ್ಬಿದ ಕೋಳಿ ಇರಲಿಲ್ಲ. ಅದನ್ನು ನೋಡಿ ಉಂಬೆಲೀನ ‘ಕೋಳಿಗೆ ಏನು ಹಾಕ್ತೀಯೋ, ನನಗೂ ಹೇಳು’ ಎಂದು ಕೇಳಿದಾಗ ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತ್ತು.

ಬಸ್ಸು ಇಳಿಜಾರು ಇಳಿಯುವಾಗ ಉಂಬೆಲೀನ ಪಕ್ಕದಲ್ಲಿ ಕಪ್ಪು ಶಾಲು ಹೊದ್ದು ಕೂತಿದ್ದಳು. ವಿಷವಾಯುವಿನ ಮುಖವಾಡ ಇಡಬೇಕಾದ ಚೀಲದಲ್ಲಿ ಮಧ್ಯಾಹ್ನದ ಸಾಸೇಜು ಇಟ್ಟುಕೊಂಡಿದ್ದಳು. ಯುದ್ಧ ದೂರದ ದ್ವೀಪಗಳ ಕಡೆ ಹೋಗಿ ಬಹಳ ದಿನವಾಗಿ, ಊರಿನವರ ಚೀಲಗಳಲ್ಲೆಲ್ಲ ಈಗ ಊಟವೇ. ಸೈನ್ಯದವರು ಗಾಡಿ ತಪಾಸಣೆ ಮಾಡುತ್ತಿದ್ದ ತಿರುವು ಬಂತು. ಕಾವಲು ಗುಡಿಸಲು ಖಾಲಿ. ಅಲ್ಲೇ, ಎರಡು ವರ್ಷದ ಹಿಂದಿನ ಮೇ ತಿಂಗಳಲ್ಲಿ, ಪವಿತ್ರಾತ್ಮನ ಹಬ್ಬಕ್ಕೆಂದು ಮೂವತ್ತು ಸಿಹಿಬ್ರೆಡ್ಡು ತುಂಬಿಕೊಂಡು ಜಸಿಂತೊ ಗಾಡಿ ನಿಲ್ಲಿಸಿದ್ದು. ಬ್ರೆಡ್ಡಿನೊಳಗೆ ಸಾರಾಯಿ ಬಾಟಲಿ ಸಾಗಿಸುತ್ತಾರೆಂದು ಯಾರೋ ಸಿಪಾಯಿಗೆ ಹೇಳಿದ್ದರಂತೆ. ಅವನು ಒಂದೊಂದೇ ಬ್ರೆಡ್ಡಿಗೆ ಬಂದೂಕಿನ ಚೂರಿ ಚುಚ್ಚಿ ನೋಡುತ್ತ ಹೋದ. ಹದಿನಾರರವರೆಗೆ ಜಸಿಂತೊ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತ ಸುಮ್ಮನಿದ್ದ. ಹದಿನೇಳನೆಯದು ಪಾದ್ರಿ ಮಂತ್ರಿಸಿ ಕೊಡಬೇಕಾದ ದೊಡ್ಡ ಬ್ರೆಡ್ಡು. ಅದಕ್ಕೆ ಚೂರಿ ಬಿದ್ದಾಗ ಹದಿನೆಂಟನೆಯದನ್ನು ಎತ್ತಿ ಸಿಪಾಯಿಯ ತಲೆಗೆ ಬೀಸಿದ. ಶಿರಸ್ತ್ರಾಣದ ಮೇಲೆ ಬಿದ್ದು ಬ್ರೆಡ್ಡು ಎರಡಾಯಿತು. ಸಿಪಾಯಿಗೆ ಏನೂ ಆಗಲಿಲ್ಲ, ಮರ್ಯಾದೆಯೊಂದನ್ನು ಬಿಟ್ಟು.

ಬಂದರಿನ ಮೇಲೆ ಬಾಂಬು ಬಿದ್ದಂದಿನಿಂದ ಸಿವಿಲ್ ಕೋರ್ಟುಗಳ ಬಾಯಿ ಕಟ್ಟಿಸಿ, ಎಲ್ಲರನ್ನೂ ಸೈನ್ಯವೇ ವಿಚಾರಿಸುತ್ತಿದ್ದ ಕಾಲ. ದುಭಾಷಿಗೂ ಅಲ್ಲಿಗೇ ಬರಬೇಕೆಂದು ಆಜ್ಞೆ ಬಂದಿತ್ತು. ಮಿಲಿಟರಿ ಕೋರ್ಟು ಕೂರುತ್ತಿದ್ದದ್ದು ಯಾವುದೋ ಶಾಲೆಯ ಕೋಣೆಯಲ್ಲಿ. ಕರಿಹಲಗೆಯ ಮೇಲೆ ಏಳರ ಮಗ್ಗಿ ಇನ್ನೂ ಅಳಿಸಿರಲಿಲ್ಲ. ಅದರ ಕೆಳಗೆ ಮೇಜರ್ ಪ್ರುಯಿಟ್, ಯುದ್ಧಕ್ಕೆ ಮುಂಚೆ ನಲ್ಲಿ ಪೈಪುಗಳ ವ್ಯಾಪಾರಿ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಅವುಗಳ ಮೇಲೆ ತನ್ನ ಪಿಸ್ತೂಲು ಇಡುತ್ತಿದ್ದ. ಅವತ್ತು ಮಧ್ಯಾಹ್ನದೊಳಗೆ ಮುಗಿಯಬೇಕಾದ ಕೇಸು ನಲವತ್ತಮೂರು. ಜಸಿಂತೊನದು ಹತ್ತೊಂಬತ್ತನೆಯದು. ‘ಆರೋಪ ಅರ್ಥವಾಯಿತೇ, ಸಿಪಾಯಿಯನ್ನು ಹೊಡೆದದ್ದು ಒಪ್ಪುತ್ತಾನೋ ಇಲ್ಲವೋ ಕೇಳು’ ಎಂದ ಮೇಜರ್. ಎವರಿಸ್ತೊ ಕೇಳಿದ. ಜಸಿಂತೊ ಟೋಪಿಯನ್ನು ಎದೆಗೊತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ‘ಪೊಯಿಶ್…’ ಎಂದ. ಕಥೆ ಕೇಳುವವರು ಹಾಕುವ ಹೂಂ ಇದ್ದ ಹಾಗೆ ಅದು. ಹೇಳುವವರು ಶುರುಮಾಡುವ ಮುಂಚೆಯೂ ಹಾಕುತ್ತಾರೆ. ಪೊಯಿಶ್, ಅದು ಹಬ್ಬದ ಬ್ರೆಡ್ಡು, ಮೊದಲನೆಯದಕ್ಕೆ ಚುಚ್ಚಿದಾಗ ನಾನು… ಎಂದು ಅವನು ಶುರುಮಾಡುತ್ತಿದ್ದಂತೆ ಮೇಜರ್ ಕಣ್ಣೆತ್ತದೆ ‘ಹೌದಂತೋ?’ ಎಂದು ಕೇಳಿದ. ಎವರಿಸ್ತೊಗೆ ಆ ಹೊತ್ತಿನಲ್ಲಿ ನ್ಯಾಯವಾಗಲಿ, ಸೈನ್ಯವಾಗಲಿ, ಪಿಸ್ತೂಲಾಗಲಿ ತಲೆಯಲ್ಲಿರಲಿಲ್ಲ. ಬೆಳಿಗ್ಗೆ ಎರಡು ಕಪ್ಪು ಕಾಫಿ ಕುಡಿದಿದ್ದ. ಹತ್ತು ಗಂಟೆಯಿಂದ ಕಾಲಿಗೆ ಕಾಲು ಒತ್ತಿಕೊಂಡು ನಿಂತಿದ್ದ. ಜಸಿಂತೊ ಬ್ರೆಡ್ಡಿನ ಕಥೆ ಶುರುಮಾಡಿದರೆ ಗೋಧಿ ಬೀಸುವಲ್ಲಿಂದ ಶುರುಮಾಡುತ್ತಾನೆಂದು ಅವನಿಗೆ ಗೊತ್ತಿತ್ತು. ‘ಹೌದು ಸರ್’ ಎಂದ. ‘ನಾಲ್ಕು ವರ್ಷ, ಕಠಿಣ ದುಡಿಮೆ. ಮುಂದಿನವನು’ ಎಂದ ಮೇಜರ್. ಆಮೇಲೆ ಊಟದ ಹೊತ್ತಿಗೆ ಹೆಗಲು ತಟ್ಟಿ ‘ನೀನು ಚುರುಕು ಮಾರಾಯ, ಬೇರೆಯವರು ವಿನಾಕಾರಣ ಎಳೀತಾರೆ’ ಎಂದಿದ್ದ. ಅದನ್ನು ಕೇಳಿ ಎವರಿಸ್ತೊಗೆ ಸಂತೋಷವಾಗಿತ್ತು. ಎರಡು ವರ್ಷದಿಂದ ಅವನನ್ನು ಕೊರೆಯುತ್ತಿದ್ದದ್ದು ಆ ‘ಹೌದು’ ಅಲ್ಲ, ಈ ಸಂತೋಷ. ಆಗ ಅವನು ಟೈ ಕೂಡ ಸರಿಮಾಡಿಕೊಂಡಿದ್ದ.

“ಏನದು ಗೊಣಗ್ತಾ ಇದ್ದೀಯ?” ಉಂಬೆಲೀನ ಮೊಣಕೈಯಿಂದ ತಿವಿದಳು. “ಲಾಯರು ಹೇಳ್ಕೊಟ್ಟದ್ದನ್ನ ಬಾಯಿಪಾಠ ಮಾಡ್ತಿದ್ದೀಯಾ?”

ಲಾಯರು ಹೇಳಿಕೊಟ್ಟದ್ದು ಬಹಳ ಕಮ್ಮಿ. ಥರ್ಲೊ ಎಂಬ ಆ ಉದ್ದನೆಯ ಮನುಷ್ಯ, ಯುದ್ಧ ನಡೆಯುತ್ತಿದೆಯೆಂಬ ನೆಪದಲ್ಲಿ ಸಾಮಾನ್ಯ ಜನರನ್ನು ಸೈನಿಕರು ವಿಚಾರಣೆ ಮಾಡಿ ಜೈಲಿಗೆ ಹಾಕಬಹುದೇ ಎಂದು ಕೇಳಲು ಒಂದು ಒಳ್ಳೆಯ ಕೇಸು ಹುಡುಕುತ್ತಿದ್ದ. ಬ್ರೆಡ್ಡಿನಿಂದ ಹೊಡೆದು ನಾಲ್ಕು ವರ್ಷ ಒಳಗೆ ಹೋದವನ ಸುದ್ದಿ ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂದಿತ್ತಂತೆ, ಅಷ್ಟು ಒಳ್ಳೆಯ ಕೇಸು. ಹಿಂದಿನ ವಾರ ಅವನ ಆಫೀಸಿಗೆ ಹೋಗಿ ಎವರಿಸ್ತೊ ಬೆವರುತ್ತ ತನ್ನ ಪಾಪವನ್ನು ಹೇಳಿಕೊಂಡಿದ್ದ. ಕಾಫಿಯ ವಿಷಯ ಬಿಟ್ಟು. ಥರ್ಲೊ ಪೆನ್ಸಿಲಿನಿಂದ ಹಲ್ಲು ತಟ್ಟಿಕೊಳ್ಳುತ್ತ ಕೇಳಿ, “ಅದನ್ನ ಮರೆತುಬಿಡಿ ಬೊತೆಲ್ಯೊ,” ಎಂದಿದ್ದ. “ಅನುವಾದ ತಪ್ಪು ಅಂತ ನೀವಂದ್ರೆ, ಸೈನ್ಯದವರು ಸರಿಯಾದ ದುಭಾಷಿ ಇಟ್ಕೊಂಡು ಮತ್ತೆ ವಿಚಾರಣೆ ಮಾಡ್ತೀವಿ ಅಂತಾರೆ. ಅಲ್ಲಿಗೆ ನಮ್ಮ ಅರ್ಜಿ ಮುಗೀತು. ನನ್ನ ವಾದ ಅವರು ತಪ್ಪಾಗಿ ವಿಚಾರಿಸಿದ್ರು ಅಂತಲ್ಲ. ವಿಚಾರಿಸೋ ಅಧಿಕಾರವೇ ಇಲ್ಲ ಅಂತ. ಆವತ್ತು ಸಿವಿಲ್ ಕೋರ್ಟು ನಡೆಸಬಹುದಾಗಿತ್ತು ಅಂತ ನೀವು ಹೇಳಿ, ಸಾಕು. ನಿಮ್ಮ ಪಾಪಕ್ಕೆ ನನ್ನ ಅರ್ಜಿಯಲ್ಲಿ ಜಾಗ ಇಲ್ಲ.”

ಮೆಟ್ಟಿಲಿಳಿಯುವಾಗ ಅವನಿಗೆ ಅವಮಾನವಾದಂತಾಗಿತ್ತು. ಕೊಲೆ ಮಾಡಿ ಬಂದಿದ್ದೇನೆ ಎಂದವನಿಗೆ ಪೊಲೀಸಿನವನು ನಾಳೆ ಬಾ ಎಂದ ಹಾಗೆ.

ಹಳೆಯ ಕೋರ್ಟಿನ ಕೋಣೆ ಹಾಗೇ ಇತ್ತು. ಹನ್ನೊಂದು ವರ್ಷ ಅವನು ಕಂಡಿದ್ದ ಅದೇ ನ್ಯಾಯಾಧೀಶರು, ಸ್ವಲ್ಪ ದಪ್ಪಗಾಗಿದ್ದರು. ಕಾನೂನಿನ ಪ್ರಶ್ನೆಗೆ ಕೈದಿಯ ಅಗತ್ಯವಿಲ್ಲವೆಂದು ಸೈನ್ಯದವರು ಜಸಿಂತೊನನ್ನು ಕರೆತಂದಿರಲಿಲ್ಲ. ಇಂಗ್ಲಿಷಿನ ಒಂದಕ್ಷರ ತಿಳಿಯದ ಉಂಬೆಲೀನ ಮೊದಲ ಸಾಲಿನಲ್ಲಿ ಕೂತು, ಎಲ್ಲ ತಿಳಿಯುತ್ತಿದೆ ಎಂಬಂತೆ ತಲೆಯಾಡಿಸುತ್ತಿದ್ದಳು. ಥರ್ಲೊ ಎದ್ದು, ಆ ಮೇ ತಿಂಗಳಲ್ಲಿ ಈ ಕಟ್ಟಡದ ಮೇಲೆ ಬಾಂಬು ಬಿದ್ದಿತ್ತೇ ಎಂದು ಕೇಳಿದ.

“ಇಲ್ಲ ಸರ್. ಪಾರಿವಾಳ ಗೂಡು ಕಟ್ಟಿದ್ದವು.”

“ನ್ಯಾಯಾಧೀಶರು ಊರಲ್ಲಿದ್ದರೇ?”

“ಇದ್ದರು ಸರ್. ದಿನಾ ಗುಲಾಬಿ ಗಿಡಕ್ಕೆ ನೀರು ಹಾಕ್ತಿದ್ರು. ನಾನೇ ನೋಡಿದ್ದೇನೆ.”

ಜನ ನಕ್ಕರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟೇ ಆಗಿದ್ದರೆ ಎವರಿಸ್ತೊ ಇಳಿದು ಮನೆಗೆ ಹೋಗಿ ಕೋಳಿಗಳಿಗೆ ಬ್ರೆಡ್ಡು ಹಾಕಬಹುದಾಗಿತ್ತು. ಆದರೆ ಸೈನ್ಯದ ವಕೀಲ ಕ್ಯಾಪ್ಟನ್ ಹ್ಯಾಸ್ಕೆಲ್ ಕೂತಲ್ಲಿಂದಲೇ, ಏಳುವ ತೊಂದರೆಯನ್ನೂ ತೆಗೆದುಕೊಳ್ಳದೆ, “ಒಂದೇ ಪ್ರಶ್ನೆ. ಆರೋಪಿ ತಪ್ಪು ಒಪ್ಪಿಕೊಂಡಿದ್ದ ಅಲ್ಲವೇ? ನಿಮ್ಮ ಬಾಯಿಂದಲೇ?” ಎಂದ.

ಥರ್ಲೊ ಎವರಿಸ್ತೊನತ್ತ ನೋಡಿದ. ಹೌದು ಎಂದುಬಿಡು ಎಂಬ ನೋಟ. ಒಂದೇ ಪದದಷ್ಟು ಕೆಲಸ. ಹಿಂದೆ ಒಮ್ಮೆ ಎಷ್ಟು ಸಲೀಸಾಗಿ ಮಾಡಿದ್ದ.

“ಇಲ್ಲ ಸರ್. ಅವನು ‘ಪೊಯಿಶ್’ ಅಂದ.”

ಉಂಬೆಲೀನಳ ತಲೆ ಗಕ್ಕನೆ ನಿಂತಿತು. ಬೆಳಗಿನಿಂದ ಅವಳಿಗೆ ತಿಳಿದ ಮೊದಲ ಮಾತು ಅದು.

“ಹಾಗಂದರೆ?”

“ಹೂಂ ಅಂದ ಹಾಗೆ ಸರ್.”

“ಅಂದರೆ ಹೌದು ಅಂತ.”

“ಹೌದು ಅಂತ ಅಲ್ಲ. ಕೇಳಿಸ್ಕೊಂಡೆ, ಈಗ ಹೇಳ್ತೀನಿ ಅಂತ. ಹೆಂಡತಿ ಮಾತಾಡುವಾಗ ಗಂಡ ಅನ್ನೋದಿಲ್ಲವೇ, ಹಾಗೆ.”

“ನಿಮಗೆ ಮದುವೆಯಾಗಿದೆಯೇ?”

“ಇಲ್ಲ ಸರ್.”

ಈ ಸಲ ನಗು ಜೋರಾಗಿಯೇ ಬಂತು. ಹ್ಯಾಸ್ಕೆಲ್ ಈಗ ಎದ್ದು ನಿಂತ. ಅನುವಾದದಲ್ಲಿ ಲೋಪವಾಗಿದ್ದರೆ ಸೈನ್ಯಕ್ಕೆ ಅದನ್ನು ಸರಿಪಡಿಸಲು ಸಂತೋಷವೇ. ಹೊಸದಾಗಿ ವಿಚಾರಣೆ ನಡೆಸುತ್ತೇವೆ, ಈ ಅರ್ಜಿಯನ್ನು ವಜಾ ಮಾಡಬಹುದು, ಎಂದು ಬಹಳ ನಯವಾಗಿ ಹೇಳಿದ. ಥರ್ಲೊ ತಲೆ ಹಿಡಿದುಕೊಂಡಿದ್ದ. ಎವರಿಸ್ತೊ ಉಂಬೆಲೀನಳ ಕಪ್ಪು ಶಾಲಿನ ಕಡೆ ನೋಡಿದ. ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಜಸಿಂತೊನನ್ನು ಎರಡನೆಯ ಸಲ ಜೈಲಿಗೆ ಕಳಿಸುತ್ತಿದ್ದೇನೆ. ಸತ್ಯಕ್ಕೂ ಒಂದು ಹೊತ್ತುಗೊತ್ತು ಬೇಡವೇ.

ನ್ಯಾಯಾಧೀಶರು ಅವನ ಕಡೆ ತಿರುಗಿದರು. “ಬೊತೆಲ್ಯೊ, ಈ ಕೋರ್ಟಿನಲ್ಲಿ ಒಬ್ಬ ಹಾಗೆ ಅಂದಿದ್ದರೆ ನೀವೇನು ಮಾಡ್ತಿದ್ರಿ?”

“ಅವನ ಮಾತು ಇನ್ನೂ ಮುಗಿದಿಲ್ಲ ಅಂತ ತಮಗೆ ಹೇಳ್ತಿದ್ದೆ.”

“ನಾನು?”

“ಕಾಯ್ತಿದ್ರಿ. ಆ ಮೀನು ಮಾರೋ ಮುದುಕಿಗೆ ಮುಕ್ಕಾಲು ಗಂಟೆ ಕಾದಿದ್ರಿ. ಕೊನೆಗೆ ಅವಳು ತಮಗೇ ಎರಡು ಮೀನು ಮಾರಿ ಹೋದಳು.”

“ಮತ್ತೆ ಅಲ್ಲಿ ಯಾಕೆ ಹಾಗೆ ಹೇಳಲಿಲ್ಲ?”

ಪಿಸ್ತೂಲಿತ್ತು ಎನ್ನಬಹುದಾಗಿತ್ತು. ಹೆದರಿದ್ದೆ ಎನ್ನಬಹುದಾಗಿತ್ತು, ಅದರಲ್ಲೊಂದು ಘನತೆಯಾದರೂ ಇತ್ತು. ಗದ್ದದ ಮೇಲಿನ ಕಾಗದದ ಚೂರು ಇನ್ನೂ ಅಂಟಿಕೊಂಡೇ ಇದೆಯೆಂದು ಆಗ ಅವನಿಗೆ ಗೊತ್ತಾಯಿತು.

“ನನಗೆ… ಹೊರಗೆ ಹೋಗಬೇಕಾಗಿತ್ತು ಸರ್. ಕಾಫಿ ಜಾಸ್ತಿ ಕುಡಿದಿದ್ದೆ. ತಡೆಯೋಕೆ ಆಗ್ತಿರಲಿಲ್ಲ.”

ಕೋರ್ಟಿಗೆ ಕೋರ್ಟೇ ನಕ್ಕಿತು. ಬರೆದುಕೊಳ್ಳುವ ಗುಮಾಸ್ತ ಪೆನ್ನು ಕೆಳಗಿಟ್ಟು ನಕ್ಕ. ಅರ್ಥವಾಗದಿದ್ದರೂ ಉಂಬೆಲೀನ ಸೌಜನ್ಯಕ್ಕೆ ನಕ್ಕಳು. ನಗು ಇಳಿದ ಮೇಲೆ ನ್ಯಾಯಾಧೀಶರು, “ಅಲ್ಲಪ್ಪ, ಐದು ನಿಮಿಷ ಬಿಡಿ ಅಂತ ಕೇಳಬಹುದಾಗಿತ್ತಲ್ಲ?” ಎಂದರು.

“ಅಲ್ಲಿ ಯಾರೂ ಏನನ್ನೂ ಕೇಳ್ತಿರಲಿಲ್ಲ ಸರ್.”

ಅವನು ಯೋಚಿಸಿ ಹೇಳಿದ ಮಾತಲ್ಲ. ಆದರೆ ಗುಮಾಸ್ತ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡ. ಥರ್ಲೊ ಮೆಲ್ಲಗೆ ತಲೆಯಿಂದ ಕೈ ತೆಗೆದ. ನ್ಯಾಯಾಧೀಶರು ಹ್ಯಾಸ್ಕೆಲ್‌ನನ್ನು, “ಹೊಸ ವಿಚಾರಣೆ ಅಂದಿರಿ. ಎಲ್ಲಿ?” ಎಂದು ಕೇಳಿದರು. “ನಮ್ಮ ಕೋರ್ಟಿನಲ್ಲೇ,” ಎಂದ ಕ್ಯಾಪ್ಟನ್. “ವಿಚಾರಣೆ ನಿಮ್ಮದೋ ನನ್ನದೋ ಅನ್ನೋದೇ ಇಲ್ಲಿರೋ ಪ್ರಶ್ನೆ. ಕೂತ್ಕೊಳ್ಳಿ ಕ್ಯಾಪ್ಟನ್. ನಾನು ಯೋಚನೆ ಮಾಡಿ ಹೇಳ್ತೀನಿ.”

ಹಿಂತಿರುಗುವ ಬಸ್ಸಿನಲ್ಲಿ ಮೂರು ನಿಲ್ದಾಣ ಕಳೆಯುವವರೆಗೆ ಉಂಬೆಲೀನ ಸಾಸೇಜು ತಿನ್ನುತ್ತಿದ್ದಳು. ಆಮೇಲೆ ಬಾಯಿ ಒರೆಸಿಕೊಂಡು, “ಎಲ್ಲರೂ ಅಷ್ಟು ನಕ್ಕರಲ್ಲ, ಏನು ಹೇಳ್ದೆ?” ಎಂದಳು.

ಇಷ್ಟು ವರ್ಷ ಊರಿನವರ ಮಾತನ್ನೆಲ್ಲ ತಿರುಗಿಸಿ ಹೇಳಿದವನು ತನ್ನ ಮಾತನ್ನು ತಾನೇ ತಿರುಗಿಸಿ ಹೇಳಬೇಕಾಗಿ ಬಂತು. ಒಂದನ್ನೂ ಬಿಡಲಿಲ್ಲ. ಹೌದು ಸರ್ ಅಂದದ್ದು, ಮೇಜರ್ ಹೆಗಲು ತಟ್ಟಿದ್ದು, ತನಗೆ ಸಂತೋಷವಾದದ್ದು. ಕೋಳಿಗಳ ವಿಷಯವನ್ನೂ ಹೇಳಿದ. ಅವಳು ಕಿಟಕಿಯಾಚೆ ನೋಡುತ್ತ ಕೇಳಿದಳು.

“ಎಷ್ಟು ಕಪ್ಪು ಕುಡ್ದಿದ್ದೆ ಅವತ್ತು?”

“ಎರಡು.”

“ಎಲ್ಲಿ?”

“ನಿಮ್ಮಲ್ಲೇ ತೀಯಾ. ಎರಡನೇದು ಬೇಡ ಅಂದೆ, ನೀವು ಹಾಕಿಬಿಟ್ರಿ.”

ಬಸ್ಸು ನಿಂತೊಡನೆ ಅವಳು ಎದ್ದಳು. ಇಳಿದ ಮೇಲೆ ಒಬ್ಬಳೇ ಸರಸರನೆ ಏರು ಹತ್ತಿಕೊಂಡು ಹೋದಳು. ಅರವತ್ತರ ಹೆಂಗಸು ಅಷ್ಟು ಬೇಗ ಏರು ಹತ್ತುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ವಾರವಿಡೀ ಬೇಲಿಯಾಚೆಯಿಂದ ಒಂದು ಕೂಗಿಲ್ಲ, ಬೈಗುಳವಿಲ್ಲ. ಬೈಗುಳವಿಲ್ಲದ ಬೆಳಗು ಎಷ್ಟು ಉದ್ದವೆಂದು ಎವರಿಸ್ತೊ ಕಲಿತ. ಶನಿವಾರ ಬೇಲಿಯ ಮೇಲೆ ಬಟ್ಟೆಯ ಗಂಟು ಕಂಡಿತು. ಬಿಚ್ಚಿದರೆ ಬ್ರೆಡ್ಡು ಇದ್ದಿಲಿನ ಹಾಗೆ ಕರಕಲು. ಅವಳ ಒಲೆಯಲ್ಲಿ ಆಕಸ್ಮಿಕವಾಗಿ ಏನೂ ಸೀಯುವುದಿಲ್ಲ. ಅವನು ಮೆಟ್ಟಿಲ ಮೇಲೆ, ಅವಳಿಗೆ ಕಾಣುವ ಕಡೆಯೇ ಕೂತು, ತುಂಡು ತುಂಡಾಗಿ ಮುರಿದು ಪೂರ್ತಿ ತಿಂದ. ಹಲ್ಲೆಲ್ಲ ಕಪ್ಪಾಯಿತು. ಆಶ್ಚರ್ಯವೆಂದರೆ ಎಲ್ಲವೂ ಗಂಟಲಲ್ಲಿ ಇಳಿಯಿತು. ಕೋಳಿಗಳು ಸುತ್ತ ಬಂದು ಬೇಡಿದರೂ ಒಂದು ಚೂರು ಹಾಕಲಿಲ್ಲ.

ಬೇಲಿಯಾಚೆಯಿಂದ ಧ್ವನಿ ಬಂತು: “ನಾಲ್ಕರಲ್ಲಿ ಎರಡು ವರ್ಷ ನಿನ್ನದು, ಎರಡು ನನ್ನ ಕಾಫೀದು. ನನ್ನ ಎರಡನ್ನ ಅವನು ಆಗಲೇ ಕಳೆದ. ಮಿಕ್ಕಿದ್ದನ್ನ ಬಿಡಿಸೋದು ನಿನಗೆ ಸೇರಿದ್ದು.”

ಬಿಡಿಸಿದ್ದು ನ್ಯಾಯಾಧೀಶರು, ಇನ್ನೆರಡು ವಾರದ ಮೇಲೆ. ಸಿವಿಲ್ ಕೋರ್ಟಿನ ಬಾಗಿಲು ತೆರೆಯಲು ಸಾಧ್ಯವಿರುವಾಗ, ಬ್ರೆಡ್ಡು ಸುಡುವವನ ಮೇಲೆ ತೀರ್ಪು ಕೊಡುವ ಅಧಿಕಾರ ಸಿಪಾಯಿಗಿಲ್ಲ ಎಂದು ಬರೆದರು. ಪೊಯಿಶ್ ಎಂಬ ಪದ ನಲವತ್ತು ಪುಟದ ಆ ತೀರ್ಪಿನಲ್ಲಿ ಎಲ್ಲೂ ಇರಲಿಲ್ಲ. ಎವರಿಸ್ತೊ ಎರಡು ಸಲ ಓದಿ ಹುಡುಕಿದ. ಇಲ್ಲವೆಂದು ಖಾತ್ರಿಯಾದ ಮೇಲೆ ಸ್ವಲ್ಪ ಬೇಜಾರೇ ಆಯಿತು. ಸೈನ್ಯ ಮೇಲಿನ ಕೋರ್ಟಿಗೆ ಹೋಗುವುದಾಗಿ ಹೇಳಿತು. ಅಲ್ಲಿಯವರೆಗೆ ಜಸಿಂತೊ ಜಾಮೀನಿನ ಮೇಲೆ ಮನೆಯಲ್ಲಿರಬಹುದು.

ಜೈಲಿನ ಗೇಟಿನೊಳಗೆ ಕಾಗದಪತ್ರ ಮುಗಿಯುವವರೆಗೆ ಮೂವರನ್ನೂ ಬೆಂಚಿನ ಮೇಲೆ ಕೂರಿಸಿದ್ದರು. ಜಸಿಂತೊನ ಮೀಸೆ ಪೂರ್ತಿ ಬೆಳ್ಳಗಾಗಿತ್ತು, ಕೈಗಳು ಕಲ್ಲು ಒಡೆದು ಒರಟಾಗಿದ್ದವು. ಉಂಬೆಲೀನ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಒಲೆ ಬಾಯಿ ಸೀಳು ಬಿಟ್ಟಿದೆ, ಮೆತ್ತಬೇಕು,” ಎಂದಷ್ಟೇ ಹೇಳಿ, ಅವನ ಅಂಗಿಯ ಗುಂಡಿಯೊಂದನ್ನು ಹಾಕುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. ಎವರಿಸ್ತೊ ತಡೆಯಲಾರದೆ, ಕೂತಲ್ಲೇ, ಎಲ್ಲವನ್ನೂ ಒದರಿದ.

“ಹೌದು ಅಂದ್ಯಾ?” ಜಸಿಂತೊ ಹುಬ್ಬೇರಿಸಿದ. “ಮತ್ತಿನ್ನೇನಂತೀಯ? ನಾನು ಹೊಡೆದೆ ಕಣೋ! ಕೈಯೆತ್ತಿ ಸರಿಯಾಗೇ ಹೊಡೆದೆ. ಇಲ್ಲ ಅಂದಿದ್ರೆ ನನಗೆ ಸಿಟ್ಟು ಬರ್ತಿತ್ತು.”

“ಆದರೆ ಜಸಿಂತೊಣ್ಣ, ನೀನು ಅಂದದ್ದು…”

“ಎರಡು ವರ್ಷ ಇದನ್ನ ಇಟ್ಕೊಂಡು ಕೊರಗಿದ್ಯಾ? ಹುಚ್ಚ.” ಎಂದು ನಕ್ಕವನು ತಟ್ಟನೆ ನಗು ನಿಲ್ಲಿಸಿದ. “ಯಾಕೆ ಹೊಡೆದೆ ಅಂತ ಹೇಳ್ತಿದ್ದೆನಲ್ಲ, ಅದನ್ನ ಮಾತ್ರ ನೀನು ಹೇಳಲಿಲ್ಲ. ಅದು ಸರಿಯಲ್ಲ.”

“ಸರಿಯಲ್ಲ,” ಎಂದ ಎವರಿಸ್ತೊ. ಜೋಪಾನವಾಗಿ ಸಾಕಿಕೊಂಡು ಬಂದಿದ್ದ ದೊಡ್ಡ ಪಾಪವನ್ನು ಕಸಿದುಕೊಂಡು, ಅದರ ಜಾಗದಲ್ಲಿ ಒಂದು ಚಿಕ್ಕ, ನಿಜವಾದ ತಪ್ಪನ್ನು ಜಸಿಂತೊ ಕೈಗಿಟ್ಟಿದ್ದ. ಅದು ಅಳತೆಗೆ ಸರಿಯಾಗಿತ್ತು.

ಗೇಟಿನ ಸಾರ್ಜೆಂಟ್ ಪುಸ್ತಕ ತೆರೆದು, “ಏ ರೆಝೆಂಡಿಸ್, ಕರ್ಕೊಂಡು ಹೋಗೋಕೆ ಬಂದಿರೋದು ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದ. ರೂಢಿಯಂತೆ ತಿರುಗಿಸಿ ಹೇಳಲು ಎವರಿಸ್ತೊ ಬಾಯಿ ತೆರೆದ. ಜಸಿಂತೊ ಕೈ ಅಡ್ಡ ಹಿಡಿದು, ಕಲ್ಲುಕೋರೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಎದೆಯುಬ್ಬಿಸಿ, ತಾನೇ ಹೇಳಿದ:

“ನನ್ನ ಹೆಂಡತಿ, ಬಾಸ್. ಎರಡು ವರ್ಷ ನಾನು ಕಲ್ಲು ಹೊಡಿ, ಊಟ ಮಾಡು, ಮಲಗು. ಬೇರೆ ಯೋಚನೆ ಇಲ್ಲ. ಇವಳು ಮಾತ್ರ.”

ಸಾರ್ಜೆಂಟ್ ಬರೆಯುತ್ತಿದ್ದವನು ತಲೆ ಎತ್ತಿ ನೋಡಿದ. ಉಂಬೆಲೀನ ಎವರಿಸ್ತೊನ ತೋಳು ಎಳೆದಳು. “ಏನಂದ? ನನ್ನ ಕಡೆ ಕೈ ತೋರಿಸ್ದ. ಬೈದನಾ?”

ಎವರಿಸ್ತೊ ಕೆಮ್ಮಿದ. ಆಮೇಲೆ ಕೆಲಸದ ಧ್ವನಿಯಲ್ಲಿ, ಒಂದು ಅಕ್ಷರವನ್ನೂ ಬಿಡದೆ, “ಎರಡು ವರ್ಷ ನಾನು ಕಲ್ಲು ಹೊಡೆದೆ, ಉಂಡೆ, ಮಲಗಿದೆ. ಬೇರೇನನ್ನೂ ಯೋಚಿಸಲಿಲ್ಲ. ನಿನ್ನನ್ನ ಮಾತ್ರ,” ಎಂದ.

“ಯಾರು?” ಎಂದಳು ಉಂಬೆಲೀನ. “ನೀನೋ, ಅವನೋ?”

ಅವನ ಕಿವಿ ಕೆಂಪಾಯಿತು. “ಅವನು ತೀಯಾ! ಹೇಳಿದ್ದು ಅವನು. ನಾನು ಬರೀ…”

ಜಸಿಂತೊ ಜೈಲಿನ ಗೋಡೆಯ ಕಡೆ ಮುಖ ತಿರುಗಿಸಿ ಮೀಸೆ ಎಳೆದುಕೊಳ್ಳುತ್ತಿದ್ದ. ಮೂವತ್ತೈದು ವರ್ಷದ ಸಂಸಾರದಲ್ಲಿ ಅಂಥದ್ದೊಂದು ಮಾತನ್ನು ಅವನು ಪೋರ್ಚುಗೀಸಿನಲ್ಲಿ ಎಂದೂ ಆಡಿರಲಿಲ್ಲ. ಉಂಬೆಲೀನ ಶಾಲು ಸರಿಮಾಡಿಕೊಂಡು ಬೆಂಚಿನ ಮೇಲೆ ಮತ್ತೆ ಕೂತಳು.

“ಹಾಗಾದ್ರೆ ಇನ್ನೊಂದ್ಸಲ ಹೇಳು,” ಎಂದಳು. “ನಿಧಾನವಾಗಿ.”

ಸಾರ್ಜೆಂಟ್ ಪುಸ್ತಕ ಹಿಡಿದು ಕಾಯುತ್ತಿದ್ದ. ಎವರಿಸ್ತೊ ಇನ್ನೊಂದು ಸಲ ಹೇಳಿದ, ನಿಧಾನವಾಗಿ.